ಹಳೇ ಸ್ಪೀಡಿಂಗ್ ಟಿಕೆಟ್, ಫೇಲಾದ ಚೆಕ್‌ರೈಡ್: ಪೈಲಟ್ ಕೆಲಸದ ಅರ್ಜಿಯಲ್ಲಿ ಬರೆಯಬೇಕಾ?

ಬರೆಯಿರಿ. ಆದರೆ ನೆನಪಿನಿಂದ ಬರೆಯಬೇಡಿ. ಉತ್ತರ ಉದ್ದವಾಗಿರುವುದು ಆ ಎರಡನೇ ಮಾತಿಗಾಗಿ.

ನೀವು ಕೇಳಿದ್ದನ್ನು ಒಮ್ಮೆ ಹೇಳಿಬಿಡುತ್ತೇನೆ, ಬೇರೆಯವರಿಗೂ ಅರ್ಥವಾಗಲಿ. ಟೆಕ್ಸಾಸ್‌ನಲ್ಲಿ ಓದುತ್ತಾ ಫ್ಲೈಯಿಂಗ್ ಕಲಿತಿದ್ದೀರಿ, ಗ್ರೀನ್ ಕಾರ್ಡ್ ಇದೆ, ಹಾರಾಟ 1500 ಗಂಟೆ ಹತ್ತಿರ ಬಂದಿದೆ, ಒಂದು ರೀಜನಲ್ ಏರ್‌ಲೈನ್‌ಗೆ ಅರ್ಜಿ ತುಂಬುತ್ತಿದ್ದೀರಿ. 19ನೇ ವಯಸ್ಸಿನಲ್ಲಿ ಒಂದು ಸ್ಪೀಡಿಂಗ್ ಟಿಕೆಟ್. 20ರಲ್ಲಿ ಒಂದು ಪಾರ್ಟಿಯಲ್ಲಿ ಕೈಯಲ್ಲಿ ಬಿಯರ್ ಕ್ಯಾನ್ ಇತ್ತು, ಪೊಲೀಸರು ಚೀಟಿ ಹರಿದು ಕೊಟ್ಟರು (ಅಲ್ಲಿ 21 ತುಂಬುವವರೆಗೆ ಅದು ತಪ್ಪು), ದಂಡ ಕಟ್ಟಿ ಮುಗಿಸಿದಿರಿ. ಇನ್‌ಸ್ಟ್ರುಮೆಂಟ್ ಚೆಕ್‌ರೈಡ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರಿಸುವ ಪರೀಕ್ಷೆ) ಮೊದಲ ಸಲ ಫೇಲ್. ರೂಮ್‌ಮೇಟ್ ಹೇಳಿದ್ದು, "ಇಂಥ ಚಿಲ್ರೆ ವಿಷಯ ಎಲ್ಲಾ ಯಾಕೆ ಬರೀತೀಯ ಮಾರಾಯ, ಯಾರು ನೋಡ್ತಾರೆ?"

ನೋಡುತ್ತಾರೆ. ನಾನು ತಿಪಟೂರು ಕಡೆಯವನು, ಇಲ್ಲಿ ಏರ್‌ಲೈನ್ ಸೇರಿ ಕೆಲವು ವರ್ಷವಾಯಿತು. ವರ್ಷಕ್ಕೆ ನಾಲ್ಕೈದು ಸಲ ನಮ್ಮ ಕಂಪನಿಯ ಇಂಟರ್ವ್ಯೂ ಮೇಜಿನ ಆ ಕಡೆಗೂ ಕೂರುತ್ತೇನೆ. ಆದರೆ ಈ ವಿಷಯ ನಾನು ಕಲಿತಿದ್ದು ಮೇಜಿನ ಈ ಕಡೆ ಕೂತಾಗ.

ನಾನು ಫ್ಲಾರಿಡಾದಲ್ಲಿ ಕಲಿತವನು. ಒಂದು ದಿನ ಐ-95 ರಸ್ತೆಯಲ್ಲಿ 70 ಮೈಲಿ ಮಿತಿ ಇದ್ದ ಕಡೆ 86ರಲ್ಲಿ ಹೋಗಿ ಸಿಕ್ಕಿಬಿದ್ದೆ. ಅಲ್ಲಿ ದಂಡದ ಜೊತೆ ನಾಲ್ಕು ಗಂಟೆಯ ಒಂದು ಆನ್‌ಲೈನ್ ಡ್ರೈವಿಂಗ್ ಕ್ಲಾಸ್ ಮಾಡಿದರೆ ಲೈಸೆನ್ಸ್ ಮೇಲೆ ಪಾಯಿಂಟ್ (ತಪ್ಪಿನ ಅಂಕ) ಬೀಳುವುದಿಲ್ಲ. ರಾತ್ರಿ ಮ್ಯಾಗಿ ತಿನ್ನುತ್ತಾ ಕ್ಲಾಸ್ ಮುಗಿಸಿದೆ. ಪಾಯಿಂಟ್ ಇಲ್ಲ, ಅಂದಮೇಲೆ ಕೇಸೂ ಇಲ್ಲ ಅಂದುಕೊಂಡೆ. ಅರ್ಜಿಯಲ್ಲಿ ಟ್ರಾಫಿಕ್ ತಪ್ಪು ಯಾವುದಾದರೂ ಇದೆಯಾ ಎಂದು ಕೇಳಿದ ಕಡೆ 'ಇಲ್ಲ' ಒತ್ತಿದೆ. ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ, ಅದೇ ತಮಾಷೆ.

ಇಂಟರ್ವ್ಯೂಗೆ ಒಂಬತ್ತು ದಿನ ಇದ್ದಾಗ ಸೀನಿಯರ್ ಒಬ್ಬರು ಹೇಳಿದರು ಅಂತ ಪೂರ್ತಿ ಡ್ರೈವಿಂಗ್ ರೆಕಾರ್ಡ್ ತರಿಸಿದೆ. ಮೂರು ವರ್ಷದ್ದಲ್ಲ, ಪೂರ್ತಿಯದ್ದು. ಒಂದೇ ಹಾಳೆ. ಮೇಲೆ ನನ್ನ ಹೆಸರು, ಲೈಸೆನ್ಸ್ ನಂಬರ್. ಕೆಳಗೆ ಒಂಟಿ ಸಾಲು: ತಾರೀಖು, ಕೌಂಟಿಯ ಹೆಸರು, ಸ್ಪೀಡಿಂಗ್, ಕ್ಲಾಸ್ ಮಾಡಿದ್ದರ ಗುರುತು. ಪಾಯಿಂಟ್ ಇರಲಿಲ್ಲ, ನಿಜ. ಆದರೆ ಸಾಲು ಇತ್ತು.

ಆ ರಾತ್ರಿಯೇ ಅರ್ಜಿ ತೆರೆದು 'ಇಲ್ಲ' ಇದ್ದದ್ದನ್ನು 'ಹೌದು' ಮಾಡಿ, ಮೂರು ಸಾಲು ಬರೆದೆ. ಇಂಟರ್ವ್ಯೂನಲ್ಲಿ ಎಚ್‌ಆರ್‌ನ ಹೆಂಗಸೊಬ್ಬರ ಮುಂದೆ ಎರಡು ಪ್ರಿಂಟ್‌ಔಟ್ ಇದ್ದವು, ಮೊದಲಿನದ್ದು ಒಂದು, ತಿದ್ದಿದ್ದು ಒಂದು. ಹಳದಿ ಹೈಲೈಟರ್‌ನಲ್ಲಿ ಗೆರೆ ಎಳೆದಿದ್ದರು. "ಮೊದಲು ಇಲ್ಲ ಅಂದಿರಿ, ಆಮೇಲೆ ಇದೆ ಅಂದಿರಿ. ಏನಾಯ್ತು?" ಕುತ್ತಿಗೆ ಹತ್ತಿರ ಟೈ ಬಿಗಿಯಾದ ಹಾಗಾಯಿತು. ಕ್ಲಾಸ್ ಮಾಡಿದರೆ ಅಳಿಸಿಹೋಗುತ್ತೆ ಅಂದುಕೊಂಡಿದ್ದೆ, ರೆಕಾರ್ಡ್ ತರಿಸಿ ನೋಡಿದಾಗ ತಪ್ಪು ಗೊತ್ತಾಯಿತು, ತಿದ್ದಿದೆ ಎಂದೆ. ಅವರು ಏನೋ ಗೀಚಿಕೊಂಡು ಪುಟ ತಿರುಗಿಸಿದರು. ಉಳಿದ ಅರ್ಧ ಗಂಟೆ ರೆಕ್ಕೆಗೆ ಮಂಜುಗಟ್ಟುವುದರ ಬಗ್ಗೆ ಕೇಳಿ ಬೆವರಿಳಿಸಿದರು, ಅದು ಬೇರೆ ಕಥೆ.

ಅಪ್ಪನಿಗೆ ಫೋನ್‌ನಲ್ಲಿ ಇದನ್ನು ಹೇಳಿದೆ. ಅವರು ಮೂವತ್ತು ವರ್ಷ ಬಸ್ ಓಡಿಸಿದವರು. "ವಿಮಾನದವ್ರೂ ಮೊದ್ಲು ಕಾರಿನ ಲೈಸೆನ್ಸೇ ನೋಡ್ತಾರಾ?" ಅಂತ ಹೊಟ್ಟೆ ತುಂಬಾ ನಕ್ಕರು.

ಈಗ ನಿಮ್ಮ ಮೂರು ವಿಷಯ. ಸ್ಪೀಡಿಂಗ್ ಟಿಕೆಟ್ ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ರೆಕಾರ್ಡ್ ತರಿಸಿ, ಅಲ್ಲಿರುವ ತಾರೀಖು, ಅಲ್ಲಿರುವ ವೇಗವನ್ನೇ ಬರೆಯಿರಿ. ಒಂದು ಟಿಕೆಟ್‌ಗೆ ಯಾರನ್ನೂ ವಾಪಸ್ ಕಳಿಸಿದ್ದನ್ನು ನಾನು ನೋಡಿಲ್ಲ. ನಾಲ್ಕು ವರ್ಷದಲ್ಲಿ ಆರು ಇದ್ದರೆ ಮಾತು ಬೇರೆ.

ಚೆಕ್‌ರೈಡ್ ಮುಚ್ಚಿಡುವ ಯೋಚನೆಯನ್ನೇ ಬಿಡಿ. ಆ ಫೇಲಾದ ಚೀಟಿ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಹತ್ತಿರ ಇದೆ. ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ಎಂದು ಒಂದಿದೆ, ಪೈಲಟ್ ಆಗಿ ಕೆಲಸ ಶುರು ಮಾಡಿಸುವ ಮುಂಚೆ ಏರ್‌ಲೈನ್ ಅದನ್ನು ನೋಡಲೇಬೇಕು. ಫೇಲಾದ ಪರೀಕ್ಷೆ, ಎಫ್‌ಎಎ ಕ್ರಮ, ಹಿಂದಿನ ಏರ್‌ಲೈನ್‌ನ ಟ್ರೈನಿಂಗ್ ದಾಖಲೆ ಎಲ್ಲಾ ಅಲ್ಲಿಗೆ ಬರುತ್ತವೆ. ನಿಮ್ಮ ದಾಖಲೆಯನ್ನು ನೀವೂ ಅಲ್ಲಿ ನೋಡಬಹುದು.

ಅದು ಸುಮ್ನೆ ಬಂದದ್ದಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತರು, ಅದರಲ್ಲಿ ಒಬ್ಬರು ನೆಲದ ಮೇಲೆ ತಮ್ಮ ಮನೆಯಲ್ಲಿದ್ದವರು. ಕ್ಯಾಪ್ಟನ್ ಹಿಂದೆ ಹಲವು ಚೆಕ್‌ರೈಡ್ ಫೇಲಾಗಿದ್ದರು, ಎಲ್ಲವನ್ನೂ ಅರ್ಜಿಯಲ್ಲಿ ಬರೆದಿರಲಿಲ್ಲ. ಮರುವರ್ಷ ಬಂದ ಕಾನೂನಿನಲ್ಲಿ ಈ ಡೇಟಾಬೇಸ್ ಮಾಡಿ ಎಂದು ಹೇಳಿದ್ದರು. ನಿಯಮ ಹೊರಬೀಳಲು 2021 ಆಯಿತು. ಅಷ್ಟರಲ್ಲಿ 2019ರ ಫೆಬ್ರವರಿ 23ರಂದು ಅಟ್ಲಾಸ್ ಏರ್‌ನ 767 ಕಾರ್ಗೋ ವಿಮಾನ ಹ್ಯೂಸ್ಟನ್ ಹತ್ತಿರ ಟ್ರಿನಿಟಿ ಬೇಯಲ್ಲಿ ಬಿತ್ತು, ಇದ್ದ ಮೂವರೂ ಹೋದರು. ಅದರ ಫಸ್ಟ್ ಆಫೀಸರ್ ಹಿಂದಿನ ಏರ್‌ಲೈನ್‌ಗಳ ಟ್ರೈನಿಂಗ್‌ನಲ್ಲಿ ಎಡವಿದ್ದನ್ನು ಬೇಕೆಂದೇ ಮುಚ್ಚಿಟ್ಟಿದ್ದರು ಎಂದು ತನಿಖೆ ಮಾಡಿದ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. ನಿಮ್ಮ ಒಂದು ಫೇಲ್ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮೇಜಿನ ಆ ಕಡೆ ಕೂತವರ ತಲೆಯಲ್ಲಿ ಈ ಎರಡು ಹೆಸರು ಇದ್ದೇ ಇರುತ್ತವೆ. ಅದಕ್ಕೇ 'ಮರೆತುಹೋಯ್ತು' ಎಂಬ ಮಾತಿಗೆ ಅಲ್ಲಿ ಬೆಲೆ ಕಮ್ಮಿ.

ನನಗೆ ಯೋಚನೆ ಹತ್ತಿದ್ದು ನಿಮ್ಮ ಬಿಯರ್ ಕ್ಯಾನ್ ಬಗ್ಗೆ. ನೀವು ಅದನ್ನು ಅತಿ ಚಿಕ್ಕದು ಅಂದುಕೊಂಡಿದ್ದೀರಿ. 'ದಂಡ ಕಟ್ಟಿ ಮುಗಿಸಿದೆ' ಎಂದಿರಿ. ಕೋರ್ಟಿಗೆ ಹೋಗದೆ ದಂಡ ಕಟ್ಟಿದರೆ ಸಾಮಾನ್ಯವಾಗಿ ತಪ್ಪು ಒಪ್ಪಿಕೊಂಡ ಲೆಕ್ಕ, ಅಂದರೆ ಶಿಕ್ಷೆಯಾದ ಹಾಗೆ. ಷರತ್ತು ಹಾಕಿ, ಅವಧಿ ಮುಗಿದ ಮೇಲೆ ಕೇಸ್ ವಜಾ ಮಾಡಿದ್ದರೆ ಬೇರೆ. ಯಾವುದಾಯಿತು ಎಂಬುದು ನಿಮ್ಮ ನೆನಪಿನಲ್ಲಿಲ್ಲ, ಕೋರ್ಟಿನ ಕಾಗದದಲ್ಲಿದೆ. ಆ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿ, ಕೇಸ್ ಹೇಗೆ ಮುಗಿಯಿತು ಎಂಬುದರ ಪ್ರತಿ ತರಿಸಿ.

ಇನ್ನೊಂದಿದೆ. ಟೆಕ್ಸಾಸ್‌ನಲ್ಲಿ ಈ ತಪ್ಪಿಗೆ ಶಿಕ್ಷೆಯಾದರೆ ಮೊದಲ ಸಲವೇ 30 ದಿನ ಡ್ರೈವಿಂಗ್ ಲೈಸೆನ್ಸ್ ಅಮಾನತು ಮಾಡುವ ನಿಯಮ ಇದೆ. ನೀವು ಕಾರಿನ ಹತ್ತಿರವೂ ಇರಲಿಲ್ಲ, ಆದರೂ. ಹಾಗೇನಾದರೂ ಆಗಿದ್ದರೆ ಇದು ಏರ್‌ಲೈನ್ ಅರ್ಜಿಯ ಪ್ರಶ್ನೆ ಮಾತ್ರ ಆಗಿ ಉಳಿಯುವುದಿಲ್ಲ. ಪೈಲಟ್ ಮೆಡಿಕಲ್ ಪರೀಕ್ಷೆಗೆ ಎಫ್‌ಎಎಗೆ ತುಂಬಿಕೊಡುವ 8500-8 ಫಾರ್ಮ್ ನೆನಪಿದೆಯಲ್ವಾ? ಅದರ 18ನೇ ಪ್ರಶ್ನೆಯಲ್ಲಿ, ಲೈಸೆನ್ಸ್ ಅಮಾನತಾಗುವಂಥ ತಪ್ಪು ಜೀವನದಲ್ಲಿ ಯಾವತ್ತಾದರೂ ಆಗಿದೆಯಾ ಎಂದು ಕೇಳುತ್ತಾರೆ. ಅದರ ಕೆಳಗೇ, ಟ್ರಾಫಿಕ್ ಬಿಟ್ಟು ಬೇರೆ ಯಾವುದರಲ್ಲಾದರೂ ಶಿಕ್ಷೆಯಾಗಿದೆಯಾ ಎಂದೂ. ಅಲ್ಲಿ ನೀವು 'ಇಲ್ಲ' ಹಾಕಿದ್ದರೆ, ಏರ್‌ಲೈನ್ ಅರ್ಜಿಯನ್ನು ಒಂದು ವಾರ ಪಕ್ಕಕ್ಕಿಟ್ಟು ಏವಿಯೇಷನ್ ಲಾಯರ್ ಒಬ್ಬರ ಹತ್ತಿರ ಮೊದಲು ಮಾತಾಡಿ. ಎಒಪಿಎ (ಪೈಲಟ್‌ಗಳ ಸಂಘ) ಸದಸ್ಯರಾಗಿದ್ದರೆ ಅವರ ಕಾನೂನು ಸಹಾಯದ ಪ್ಲಾನ್ ಇದೆ. ಮೆಡಿಕಲ್ ಫಾರ್ಮ್‌ನಲ್ಲಿ ಬೇಕೆಂದೇ ಸುಳ್ಳು ಬರೆದಿದ್ದಾರೆ ಎಂದಾದರೆ ಎಫ್‌ಎಎ ಎಲ್ಲಾ ಸರ್ಟಿಫಿಕೇಟ್ ಕಿತ್ತುಕೊಳ್ಳಬಹುದು. ಒಂದು ಕ್ಯಾನ್ ಬಿಯರ್‌ಗೆ ಅಷ್ಟು ಬೆಲೆ ತೆರಬೇಡಿ. ಇದನ್ನು ಮಾತ್ರ ನನ್ನಂಥವನ ಮಾತು ಕೇಳಿ ಮುಗಿಸಬೇಡಿ, ನಾನು ಲಾಯರ್ ಅಲ್ಲ.

ಕುಡಿದು ಗಾಡಿ ಓಡಿಸಿದ ಕೇಸ್ ಇದ್ದವರ ಕಥೆಯೇ ಬೇರೆ. 60 ದಿನದೊಳಗೆ ಎಫ್‌ಎಎಗೆ ಪ್ರತ್ಯೇಕವಾಗಿ ತಿಳಿಸಬೇಕು. ಸಾಲದ್ದಕ್ಕೆ ಕೆನಡಾ ಅಂಥವರನ್ನು ಗಡಿಯಲ್ಲೇ ತಡೆಯಬಹುದು, ಟೊರಾಂಟೊ ಟ್ರಿಪ್ ಹಾರಲಾಗದ ಪೈಲಟ್‌ನನ್ನು ಏರ್‌ಲೈನ್ ಇಟ್ಟುಕೊಂಡು ಏನು ಮಾಡಬೇಕು? ನಿಮ್ಮದು ಅದಲ್ಲ, ಪುಣ್ಯ.

ಅರ್ಜಿಯ ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿ. 'ಶಿಕ್ಷೆಯಾಗಿದೆಯಾ' ಎಂದು ಕೇಳುವುದು ಬೇರೆ, 'ಚಾರ್ಜ್ ಆಗಿದೆಯಾ, ವಜಾ ಆಗಿದ್ದರೂ ಹೇಳಿ' ಎಂದು ಕೇಳುವುದು ಬೇರೆ. ಕಳೆದ ಮೂರು ವರ್ಷವಾ, ಹತ್ತು ವರ್ಷವಾ, ಜೀವಮಾನದ್ದಾ? ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಿ, ಕೇಳದ್ದನ್ನು ತುರುಕಬೇಡಿ. ಒಬ್ಬ ಹುಡುಗ ಪಾರ್ಕಿಂಗ್ ಚೀಟಿ, ಲೈಬ್ರರಿ ದಂಡ ಎಲ್ಲಾ ಪಟ್ಟಿ ಮಾಡಿಕೊಂಡು ಬಂದಿದ್ದ. ಪ್ರಾಮಾಣಿಕ, ಒಪ್ಪಿದೆ. ಆದರೆ ಪ್ರಶ್ನೆ ಓದಿಲ್ಲವಲ್ಲ ಅನ್ನಿಸಿತು. ಚೆಕ್‌ಲಿಸ್ಟ್ ಓದುವ ಕೆಲಸಕ್ಕೆ ಬಂದವನು!

ಮಾತಿನಲ್ಲಿ ಹೇಳುವಾಗ ಚಿಕ್ಕದಾಗಿ ಹೇಳಿ. ಏನಾಯಿತು, ಎಲ್ಲಿ ಎಡವಿದೆ, ಆಮೇಲೆ ಏನು ಮಾಡಿದೆ, ಅಷ್ಟೇ. ಚೆಕ್‌ರೈಡ್‌ನಲ್ಲಿ ಹೋಲ್ಡಿಂಗ್ ಎಂಟ್ರಿ (ಆಕಾಶದಲ್ಲಿ ಕಾಯುತ್ತಾ ಸುತ್ತು ಹಾಕುವ ದಾರಿಗೆ ಸೇರುವ ಕ್ರಮ) ತಪ್ಪಾಯಿತು ಎಂದಿದ್ದೀರಿ. ಹಾಗೇ ಹೇಳಿ. ಎಕ್ಸಾಮಿನರ್ ಸರಿ ಇರಲಿಲ್ಲ, ಗಾಳಿ ಜಾಸ್ತಿ ಇತ್ತು ಎಂದು ಶುರು ಮಾಡಿದಿರೋ, ನಮ್ಮ ಪೆನ್ ಅಲ್ಲೇ ನಿಲ್ಲುತ್ತದೆ. ಮರುದಿನವೇ ಇನ್‌ಸ್ಟ್ರಕ್ಟರ್ ಜೊತೆ ಸಿಮ್ಯುಲೇಟರ್‌ನಲ್ಲಿ ಕೂತು ಎಷ್ಟು ಹೋಲ್ಡ್ ಹಾರಿದಿರಿ ಎಂದು ಹೇಳಿದರೆ ಪೆನ್ ಮತ್ತೆ ಓಡುತ್ತದೆ.

ನಾಳೆ ಮೊದಲ ಕೆಲಸ ಆ ಕೋರ್ಟ್ ಕ್ಲರ್ಕ್‌ಗೆ ಫೋನ್. ಡ್ರೈವಿಂಗ್ ರೆಕಾರ್ಡ್ ಆನ್‌ಲೈನ್‌ನಲ್ಲೇ ತರಿಸಬಹುದು. ಎರಡೂ ಕೈಗೆ ಬಂದ ಮೇಲೆ, ಆ 30 ದಿನ ಲೈಸೆನ್ಸ್ ನಿಂತಿತ್ತಾ ಇಲ್ಲವಾ ಎಂಬುದೊಂದನ್ನು ನನಗೆ ತಿಳಿಸಿ. ನಿಂತಿರದಿದ್ದರೆ ಅರ್ಜಿಯ ಆ ಮೂರು ಸಾಲನ್ನು ಬೇಕಾದರೆ ಜೊತೆಗೇ ಕೂತು ಬರೆಯೋಣ.