ಕೂಗಿಬಿಡು, ತಂಗಿ

ಇಂಗ್ಲೆಂಡಿನ ಯಾರ್ಕ್‌ನಲ್ಲಿ ರಸ್ತೆ ಅಗೆಯುವಾಗ ಪಕ್ಕದಲ್ಲಿ ನಿಂತು ಹಳೆಯ ಕುರುಹು ನೋಡುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ಬಹಳ ಸಂತೋಷ. "ಅಣ್ಣಾ, ದಿನವಿಡೀ ಸುಮ್ನೆ ನಿಲ್ಲೋದೇನಾ? ಜೆಸಿಬಿ ಡ್ರೈವರ್‌ಗಳು ನಮ್ಮ ಮಾತು ಕೇಳ್ತಾರಾ? ಚಳಿ, ಬಾಡಿಗೆ ಹೇಗೆ?" ಎಂದು ಕೇಳಿದ್ದೀಯ.

ಚಳಿ ಇದೆ. ಉಣ್ಣೆ ಕಾಲುಚೀಲ ಎರಡು ಜೊತೆ ಹಾಕು. ಬಾಡಿಗೆ ಕೋಟೆ ಗೋಡೆಯ ಒಳಗೆ ಜಾಸ್ತಿ, ಹೊರಗೆ ಹುಡುಕು. ಅಷ್ಟೇ.

ನಾನು ಬಂದ ಹೊಸದರಲ್ಲಿ ಹೆಸರುಗಳೇ ಗೊಂದಲ. ಇಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಕೋಟೆ ಬಾಗಿಲಿಗೆ ಬಾರ್! ಬೀದಿಗೆ ಆ ಹೆಸರು ವೈಕಿಂಗರಿಂದ ಬಂದದ್ದು. ಸ್ಟೋನ್‌ಗೇಟ್‌ನಲ್ಲಿ ಬಾಗಿಲು ಹುಡುಕಿದವನು ನಾನು. ಕ್ರಿ.ಶ. 71ರಲ್ಲಿ ಶುರುವಾದ ರೋಮನ್ ಕೋಟೆಯ ಒಂದು ಮುಖ್ಯ ದಾರಿಯ ಜಾಡಿನಲ್ಲೇ ಆ ಬೀದಿ ಇದೆ. 1979ರ ಪುರಾತತ್ವ ಕಾಯ್ದೆಯಡಿ ವಿಶೇಷ ಪುರಾತತ್ವ ಪ್ರದೇಶ ಎಂದು ಗುರುತಿಸಿದ ಐದೇ ಊರುಗಳಲ್ಲಿ ಯಾರ್ಕ್ ಒಂದು. ಕೆಲವು ವಿನಾಯಿತಿ ಬಿಟ್ಟರೆ, ಅಗೆಯುವವರು ಆರು ವಾರ ಮೊದಲೇ ನೋಟಿಸ್ ಕೊಡಬೇಕು.

ಇನ್ನು ಕೆಲಸ. ಹೆಚ್ಚಿನ ದಿನ ಕಾಣುವುದು ಟಾರು, ಜಲ್ಲಿ, ಹಳೇ ಗ್ಯಾಸ್ ಪೈಪಿನ ಗುಂಡಿಗೆ ತುಂಬಿದ ಮಣ್ಣು. ಆಕಳಿಕೆ ಬರುತ್ತದೆ. ಆದರೆ ಎರಡು ಪೈಪುಗಳ ನಡುವೆ ಯಾರೂ ಮುಟ್ಟದ ಮಣ್ಣು ಒಂದು ಗೇಣು ಉಳಿದಿರುತ್ತದೆ. ನಮ್ಮ ಕೆಲಸವೆಲ್ಲ ಆ ಗೇಣಿನಲ್ಲಿ.

ನಾನು ಕಳೆದುಕೊಂಡದ್ದೂ ಅಂಥದ್ದೇ ಒಂದು ಗೇಣು. ಬಂದ ಮೂರನೇ ತಿಂಗಳು, ಸಂಜೆ ಮೂರೂವರೆಗೇ ಮಬ್ಬು. ಬಕೆಟ್ಟಿನಲ್ಲಿ ಕಪ್ಪು ಹಸಿ ಮಣ್ಣು ಬಂತು, ಕೊಟ್ಟಿಗೆ ವಾಸನೆ. ಗಾಳಿಯಾಡದ ಇಂಥ ಮಣ್ಣಿನಲ್ಲಿ ಚರ್ಮ, ಮರ ಕೊಳೆಯದೆ ಉಳಿಯುತ್ತವೆ. ಡ್ರೈವರ್‌ಗೆ ನನ್ನ ಅಪ್ಪನ ವಯಸ್ಸು. ದೊಡ್ಡವರು ಕೆಲಸದಲ್ಲಿರುವಾಗ ನಾವು ಹೇಗೆ ನಿಲ್ಲುತ್ತೇವೆ, ನಿನಗೆ ಗೊತ್ತಲ್ವಾ? ಹಾಗೇ ನಿಂತೆ. ಕೈ ಅರ್ಧ ಎತ್ತಿ, ಇಂಜಿನ್ ಸದ್ದಿನಲ್ಲಿ "ಎಕ್ಸ್‌ಕ್ಯೂಸ್ ಮಿ ಸರ್" ಅಂದೆ. ಇನ್ನೆರಡು ಬಕೆಟ್ ಹೋಯಿತು. ಆಮೇಲೆ ಮಣ್ಣಿನ ರಾಶಿಯಲ್ಲಿ ಸಿಕ್ಕಿದ್ದು ಹಳೇ ಬೂಟಿನ ಒಂದು ಚಪ್ಪಟೆ ಚರ್ಮದ ಅಟ್ಟೆ, ಅಂಚಿನಲ್ಲಿ ಸಾಲಾಗಿ ಹೊಲಿಗೆಯ ತೂತುಗಳು. ಯಾವ ಪದರದ್ದು, ಅದರ ಕೆಳಗೆ ಏನಿತ್ತು, ಹೇಳುವವರಿಲ್ಲ. ವರದಿಯಲ್ಲಿ ಅದಕ್ಕೆ ಒಂದೇ ಸಾಲು. ಡ್ರೈವರ್ ಇಳಿದು ಬಂದು, "ಕೂಗಬಾರದಿತ್ತಾ? ಅದಕ್ಕೇ ತಾನೆ ನೀನಿಲ್ಲಿರೋದು?" ಅಂದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಾಗಾಗಿ ಅವರು ಮಾತು ಕೇಳುತ್ತಾರೆ. ನಾವು ಆಡಬೇಕು. ಬೆಳಿಗ್ಗೆ ಟೀ ಹೊತ್ತಿಗೇ ಯಾವ ಸನ್ನೆಗೆ ನಿಲ್ಲಿಸಬೇಕು ಎಂದು ಡ್ರೈವರ್ ಹತ್ತಿರ ಮಾತಾಡಿಕೋ. ಹಲ್ಲಿಲ್ಲದ ಬಕೆಟ್ ಹಾಕಿಸು, ಹಲ್ಲಿನದ್ದು ಮಣ್ಣಿನ ಬಣ್ಣವನ್ನೆಲ್ಲ ಗೀರಿ ಕೆಡಿಸುತ್ತದೆ. ಅವನ ಕಣ್ಣಿಗೆ ಬೀಳುವ ಕಡೆ ನಿಲ್ಲು, ಬಕೆಟ್ ತಿರುಗುವ ಜಾಗದಲ್ಲಿ ಬೇಡ. ಮನುಷ್ಯರ ಮೂಳೆ ಕಂಡರೆ ಎತ್ತಬೇಡ, ಮೇಲಿನವರಿಗೆ ಹೇಳು. ಅದಕ್ಕೆ ಲೈಸೆನ್ಸ್ ಬೇಕು. ಹಳೇ ಚಿನ್ನ, ಬೆಳ್ಳಿ ಸಿಕ್ಕರೆ 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು.

ಹೋದ ಸಲ ರಜೆಗೆ ಬಂದಾಗ ಶ್ರೀರಂಗಪಟ್ಟಣದ ಕೋಟೆ ಒಳಗೆ ಪೈಪಿಗೆ ಅಗೆಯುತ್ತಿದ್ದರು. ಕಾಲು ತಾನಾಗೇ ನಿಂತಿತು. "ಏನ್ ಸಾರ್, ನೀರಿನ ಕನೆಕ್ಷನ್ ಬೇಕಿತ್ತಾ?" ಅಂದ ಒಬ್ಬ. ಜೆಸಿಬಿ ಇನ್ನೊಂದು ಬಕೆಟ್ ಎತ್ತಿತು. ನಾನು ಅಲ್ಲೂ ಕೂಗಲಿಲ್ಲ.