ಮಗಳ ತಮಟೆ ಬಿಟ್ಟು ಬರಬೇಡ

ತಂಗಿ, ಜನವರಿ ಕೊನೆಗೆ ಚಿಂತಾಮಣಿಯಿಂದ ಮೆಲ್ಬರ್ನ್‌ಗೆ ಬರ್ತಿದೀನಿ, ಮಗಳನ್ನ ನಾಲ್ಕನೇ ಕ್ಲಾಸಿಗೆ ಸೇರಿಸೋ ಶಾಲೇಲಿ ಬೇರೆ ಬೇರೆ ದೇಶದ ಮಕ್ಕಳನ್ನ ಕೂಡಿಸಿ ಶಾಂತಿ ಬಗ್ಗೆ ಚಿತ್ರ, ಹಾಡು, ಕುಣಿತ ಮಾಡಿಸ್ತಾರಂತೆ, ಓದು ಹಿಂದೆ ಬೀಳಲ್ವಾ ಅಕ್ಕಾ ಅಂತ ಕೇಳಿದೀಯ. ಬಾಡಿಗೆ, ಚಳಿ, ಕೆಲಸದ ಮಾತು ಆಮೇಲೆ ಆಡೋಣ. ಓದು ಹಿಂದೆ ಬೀಳಲ್ಲ. ಮನೇಲಿ ತೆಲುಗು, ಶಾಲೇಲಿ ಕನ್ನಡ, ಪಕ್ಕದ ಮನೇಲಿ ಉರ್ದು ಕೇಳಿ ಬೆಳೆದ ಮಗು ಅದು. ಇಂಗ್ಲಿಷ್ ನಾಲಿಗೆಗೆ ಹತ್ತೋ ಮುಂಚೆಯೇ ಅವಳಿಗೆ ಜೊತೆಗಾರರು ಸಿಗೋದು ಇಂಥ ಕೆಲಸದಲ್ಲೇ.

ಇಲ್ಲಿ ಮಾರ್ಚ್ 21ರ ಸುಮಾರಿಗೆ ಹಾರ್ಮನಿ ವಾರ ಅಂತ, ಎಲ್ಲ ಜನ ಹೊಂದ್ಕೊಂಡು ಬಾಳೋಣ ಅನ್ನೋ ವಾರ ಮಾಡ್ತಾರೆ, 1999ರಿಂದ ನಡ್ಕೊಂಡು ಬಂದಿದೆ. ಮಕ್ಕಳು ಕಿತ್ತಳೆ ಬಣ್ಣದ ಬಟ್ಟೆ ಹಾಕ್ಕೊಂಡು ಹೋಗ್ತಾರೆ. 1960ರಲ್ಲಿ ಅದೇ ತಾರೀಖು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಕರಿಯರು ಓಡಾಡೋಕೆ ಪಾಸ್ ಇಟ್ಕೊಂಡಿರಲೇಬೇಕು ಅನ್ನೋ ಕಾನೂನು ಬೇಡ ಅಂತ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತಿದ್ದರು, ಆ ನೆನಪಿನ ತಾರೀಖು ಇದು. ಸೀರೆ ಉಟ್ಟು, ಸಮೋಸ ತಿಂದು ಆ ದಿನ ಮುಗಿಸೋ ಶಾಲೆಗಳೂ ಇವೆ. ಅದರಿಂದ ಮಕ್ಕಳಿಗೆ ಹೆಚ್ಚೇನೂ ದಕ್ಕಲ್ಲ. ವಾರಗಟ್ಟಲೆ ಒಟ್ಟಿಗೆ ಕೂತು ಏನಾದರೂ ಮಾಡಬೇಕು.

ನನ್ನ ಮಗನ ಕ್ಲಾಸಲ್ಲಿ ಕಾಗದದ ಕೊಕ್ಕರೆ ಮಡಿಸ್ತಿದ್ದ ಜಪಾನಿನ ಹುಡುಗಿ ಸಡಾಕೊ ಸಸಾಕಿ ಕಥೆ ಹೇಳಿ ಅಂಥದೇ ಕೊಕ್ಕರೆ ಮಾಡಿಸಿದ್ರು. ಹಿರೋಷಿಮಾ ಮೇಲೆ ಬಾಂಬ್ ಬಿದ್ದಾಗ ಅವಳು 2 ವರ್ಷದ ಕೂಸು, 1955ರಲ್ಲಿ ರಕ್ತದ ಕ್ಯಾನ್ಸರ್ ಬಂದು ತೀರಿಕೊಂಡಾಗ 12. ಜೊತೇಲಿ ಓದಿದ ಮಕ್ಕಳೇ ಹಣ ಕೂಡಿಸೋಕೆ ನಿಂತು, 1958ರಲ್ಲಿ ಅಲ್ಲಿ ಸ್ಮಾರಕ ಎದ್ದಿತು. ಮಗನ ಮೇಜಿನಲ್ಲಿ ಶ್ರೀಲಂಕಾದ ಇಬ್ಬರಿದ್ದರು, ಹುಡುಗಿದು ತಮಿಳು ಮನೆ, ಹುಡುಗನದು ಸಿಂಹಳ ಮನೆ. ಗೇಟಿನ ಹತ್ರ ಅವರ ಅಮ್ಮಂದಿರು ಒಬ್ಬರಿಗೊಬ್ಬರು ಮುಖ ಕೊಡ್ತಿರಲಿಲ್ಲ. ಹುಡುಗ ರೆಕ್ಕೆ ಮಡಿಸೋದು ತಪ್ಪಿದಾಗೆಲ್ಲ ಆ ಹುಡುಗಿ ಕಾಗದ ಇಸ್ಕೊಂಡು, ಮಡಿಕೆಯನ್ನ ಉಗುರಲ್ಲಿ ಗೀರಿ ವಾಪಸ್ ಕೊಡ್ತಿದ್ಲು. ಕೊನೆಗೆ ಕೊಕ್ಕರೆಗಳನ್ನ ದಾರಕ್ಕೆ ಪೋಣಿಸಿ ತೂಗುಹಾಕಿದ ದಿನ ಆ ಅಮ್ಮಂದಿರು ಪಕ್ಕಪಕ್ಕ ನಿಂತು ಯಾರದು ಯಾವುದು ಅಂತ ಮಕ್ಕಳನ್ನ ಕೇಳ್ತಿದ್ರು. ಇದಕ್ಕಿಂತ ಹೆಚ್ಚಿನ ಓದು ಯಾವುದಿದೆ ಹೇಳು.

ಮಗಳು ತಾತನ ಹತ್ರ ತಮಟೆ ಕಲ್ತಿದಾಳೆ, ಅಲ್ಲಿ ಯಾರು ಕೇಳ್ತಾರೆ, ಬಿಡಿಸಿ ಭರತನಾಟ್ಯಕ್ಕೆ ಹಾಕ್ಲಾ ಅಂದಿದೀಯಲ್ಲ, ಬೇಡಮ್ಮ. ಸಾವಿನ ಮನೆ ವಾದ್ಯ ಅಂತ ಇಲ್ಲಿರೋ ನಮ್ಮವರಲ್ಲೇ ಕೆಲವರು ಮೂಗು ಮುರೀತಾರೆ. ನಿಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ನಮ್ಮ ಮೇಲು-ಕೀಳನ್ನ ನಾವು ಬಿಡದೆ ಮಗೂನ ಶಾಂತಿ ಪಾಠಕ್ಕೆ ಕಳಿಸೋದು ನನಗೆ ಸರಿ ಕಾಣಲ್ಲ.

ಚರ್ಮದ್ದು ತಂದರೆ ಏರ್‌ಪೋರ್ಟಲ್ಲಿ ಫಾರಂನಲ್ಲಿ ಬರೆದು ತೋರಿಸಲೇಬೇಕು, ಮುಚ್ಚಿಟ್ಟರೆ ದಂಡ ಬೀಳತ್ತೆ. ಬಾರಿಸೋ ಮುಂಚೆ ಬೆಂಕಿಗೆ ಹಿಡಿದು ಕಾಯಿಸೋಕೆ ಶಾಲೇಲಿ ಬಿಡೋದೂ ಇಲ್ಲ. ಫೈಬರ್ ತಮಟೆ ತಗೊಂಡು ಬಾ. ಶಾಲೆ ಶುರುವಾದ ವಾರವೇ ಟೀಚರ್ ಹತ್ರ ಮಾತಾಡು: ಸ್ಟೇಜ್ ಮೇಲೆ ಒಬ್ಬಳೇ ಬಾರಿಸೋದಲ್ಲ, ಮಿಕ್ಕ ಮಕ್ಕಳಿಗೆ ಏಟು ಹೇಳಿಕೊಡೋಕೆ ಬಿಡಿ ಅಂತ ಕೇಳು. ಒಬ್ಬಳೇ ಹೋಗಿ ಮಾತಾಡೋಕೆ ಸಂಕೋಚ ಆದ್ರೆ ನಾನೂ ಜೊತೆಗೆ ಬರ್ತೀನಿ.