ಒಬ್ಬಟ್ಟು ತಟ್ಟುವಷ್ಟರಲ್ಲಿ

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಊರು ತುಮಕೂರಿನ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಪಿ.ಜಿ.ಯ ಅಡುಗೆಯವರು ಊರಿಗೆ ಹೋದಾಗ ಅಡುಗೆ ಕಲಿತೆ. ಈಗ ಅದೇ ಹುಚ್ಚು. ಮ್ಯಾಟ್ರಿಮನಿ ಪ್ರೊಫೈಲ್‌ನಲ್ಲಿ 'ಹವ್ಯಾಸ: ಅಡುಗೆ' ಎಂದು ಹಾಕಿದ್ದೇನೆ. ನೋಡಿದ ಒಬ್ಬ ತಂದೆ ಫೋನ್ ಮಾಡಿ, ಕ್ಯಾಟರಿಂಗ್ ಇದೆಯಾ ಎಂದು ಕೇಳಿದರು. ಅದನ್ನು ತೆಗೆದುಹಾಕು ಎಂದು ಅಮ್ಮ ದಿನಾ ಹೇಳುತ್ತಾರೆ. ಹೋದ ವರ್ಷ ಇಷ್ಟವಾದ ಹುಡುಗಿಯನ್ನು ಊಟಕ್ಕೆ ಕರೆದಿದ್ದೆ. ಕೋಸಂಬರಿಯಿಂದ ಒಬ್ಬಟ್ಟಿನ ತನಕ ಒಂಬತ್ತು ಬಗೆ ಮಾಡಿದ್ದೆ. ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದಾಗ ಅವಳು ಹಾಲ್‌ನಲ್ಲಿ ನನ್ನ ರೂಮ್‌ಮೇಟ್ ಜೊತೆ ಮಾತಾಡುತ್ತಿದ್ದಳು. ಬರುವ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆ! ಈಗ ಧಾರವಾಡದ ಕಡೆಯ ಒಬ್ಬರ ಪರಿಚಯವಾಗಿದೆ. ಮುಂದಿನ ಭಾನುವಾರ ಊಟಕ್ಕೆ ಬರುತ್ತೇನೆ ಎಂದಿದ್ದಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಾದಲಿ ಮಾಡೋಣ ಅಂತಿದ್ದೇನೆ. ವಿಡಿಯೊ ನೋಡಿ ರೊಟ್ಟಿ ಕಲಿಯುತ್ತಿದ್ದೇನೆ, ಅಂಚು ಒಡೆಯುತ್ತದೆ. ಏನು ಮಾಡಲಿ? ರೂಮ್‌ಮೇಟ್ ಮದುವೆಗೆ ಹೋಗಬೇಕಾ?

ಉತ್ತರ: ಮೊದಲು ರೊಟ್ಟಿ ವಿಷಯ ಮುಗಿಸೋಣ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ನೀರು ಚೆನ್ನಾಗಿ ಕುದ್ದಿರಬೇಕು, ಕೈ ನೋಯುವ ಹಾಗೆ ನಾದಬೇಕು, ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು. ಆಗ ಅಂಚು ನಿಲ್ಲುತ್ತದೆ. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಭಾನುವಾರ ಮಾತ್ರ ಮಾಡಬೇಡಿ. ಆ ಹುಡುಗಿ ರೊಟ್ಟಿ ಬಡಿಯುವ ಸದ್ದು ಕೇಳಿಕೊಂಡೇ ಬೆಳೆದಿರುತ್ತಾರೆ. ನೀವು ಬಡಿಯುವ ಸದ್ದಿನಲ್ಲೇ ನಿಮ್ಮ ಬಂಡವಾಳ ಗೊತ್ತಾಗಿಬಿಡುತ್ತದೆ. ಅಪ್ಪಿತಪ್ಪಿ ಚೆನ್ನಾಗೇ ಬಂದರೂ 'ನಮ್ಮ ಅವ್ವ ಮಾಡಿದ್ಹಂಗ ಇಲ್ಲ' ಅನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ. ಮೊದಲ ಊಟದಲ್ಲೇ ಭಾವೀ ಅತ್ತೆಯ ಜೊತೆ ಪಂದ್ಯಕ್ಕೆ ನಿಲ್ಲುವುದು ಯಾವ ಬುದ್ಧಿವಂತಿಕೆ ಹೇಳಿ?

ನಿಮ್ಮ ಪತ್ರ ಬಹಳ ಉದ್ದವಿತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಪತ್ರವನ್ನು ಎರಡು ಸಲ ಓದಿದೆ. ಸುಮ್ನೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ಇಪ್ಪತ್ತೊಂದು ತಿಂಡಿ ತಿನಿಸಿನ ಹೆಸರಿದೆ. ಆ ಹುಡುಗಿ ಏನು ಕೆಲಸ ಮಾಡುತ್ತಾರೆ, ಯಾವುದಕ್ಕೆ ನಗುತ್ತಾರೆ, ಬೆಂಗಳೂರಿಗೆ ಯಾಕೆ ಬಂದರು, ಒಂದು ಸಾಲೂ ಇಲ್ಲ. ಬದನೆಕಾಯಿ ಇಷ್ಟ ಅಂತ ಮಾತ್ರ ಇದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನನ್ನನ್ನು ನೋಡಲು ಬಂದಾಗ ಎಲ್ಲರ ಮನೆಯ ಹಾಗೆ ನಮ್ಮಲ್ಲೂ ಉಪ್ಪಿಟ್ಟು, ಕೇಸರಿಬಾತ್. ಮಾಡಿದ್ದು ನಮ್ಮ ಅತ್ತಿಗೆ. ಹೆಸರು ನನ್ನದು. ನಾನು ತಟ್ಟೆ ತಂದಿಟ್ಟು, ನೆಲ ನೋಡಿಕೊಂಡು ನಿಂತಿದ್ದೆ. ಹುಡುಗ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡರು, ಸಂಬಂಧ ಕುದುರಿತು. ಮದುವೆಯಾಗಿ ಮೂರನೇ ದಿನ ನನ್ನ ಕೈಯ ಉಪ್ಪಿಟ್ಟು ತಿಂದು, 'ಅವತ್ತಿನದು ಯಾರು ಮಾಡಿದ್ದು?' ಅಂತ ಮೆಲ್ಲಗೆ ಕೇಳಿದರು. ಈಗಲೂ ಅತ್ತಿಗೆ ಮನೆಗೆ ಹೋದರೆ ಅವರಿಗೆ ಉಪ್ಪಿಟ್ಟೇ ಬೇಕು. ಆಗೆಲ್ಲ ತಿಂಡಿಯನ್ನು ಮುಂದಿಟ್ಟು ಹುಡುಗಿಯನ್ನು ಒಳಗೆ ಬಚ್ಚಿಡುತ್ತಿದ್ದರು. ನಿಮ್ಮನ್ನು ಯಾರೂ ಬಚ್ಚಿಟ್ಟಿಲ್ಲ. ನೀವಾಗೇ ಸೌಟು ಹಿಡಿದು ಒಳಗೆ ಹೋಗಿ ಕೂತಿದ್ದೀರಿ.

ಪತ್ರದಲ್ಲಿ ರೂಮ್‌ಮೇಟ್ ಮೋಸ ಮಾಡಿದ ಅನ್ನುವ ಧಾಟಿ ಇದೆ. ಬೇಜಾರಾಗುವುದು ಸಹಜ. ಆದರೆ ಒಬ್ಬಟ್ಟು ಅಂದರೆ ಕಾವಲಿ ಬಿಟ್ಟು ಕದಲುವ ಹಾಗಿಲ್ಲ. ಒಂದು ತಿರುವಿ ಹಾಕುವಷ್ಟರಲ್ಲಿ ಇನ್ನೊಂದು ತಟ್ಟಬೇಕು. ಅಷ್ಟು ಹೊತ್ತು ಹಾಲ್‌ನಲ್ಲಿ ಕೂತವಳು ಏನು ಮಾಡಬೇಕಿತ್ತು, ಫ್ಯಾನ್ ನೋಡಿಕೊಂಡು ಕೂರಬೇಕಿತ್ತಾ? ಅವನು ನೀರು ತಂದುಕೊಟ್ಟ, ಎದುರಿಗೆ ಕೂತ, ಮಾತಾಡಿಸಿದ. ಅಷ್ಟೇ.

ಅದಕ್ಕೇ ಭಾನುವಾರಕ್ಕೆ ನನ್ನ ಸಲಹೆ: ಹಿತಕಿದ ಬೇಳೆ ಸಾರು. ಈಗ ಅವರೆಯ ಕಾಲ. ಶನಿವಾರ ಸೊಗಡಿರುವ ಕಾಯಿ ಎರಡು ಕೆ.ಜಿ. ತನ್ನಿ. ಸಿಪ್ಪೆ ಹೋದರೆ ಕಾಳು ಅರ್ಧಕ್ಕೂ ಕಮ್ಮಿ ಸಿಗುತ್ತದೆ, ಇಬ್ಬರಿಗೆ ಧಾರಾಳ. ರಾತ್ರಿ ಕಾಳನ್ನು ನೀರಿಗೆ ಹಾಕಿ. ಮಸಾಲೆಯನ್ನೂ ರುಬ್ಬಿ ಫ್ರಿಜ್‌ನಲ್ಲಿಡಿ. ಹಿತುಕುವುದನ್ನು ಮಾತ್ರ ಉಳಿಸಿ.

ಅವರು ಬಂದ ಮೇಲೆ ನೆಲದ ಮೇಲೆ ಪೇಪರ್ ಹಾಸಿ, ಮಧ್ಯೆ ಪಾತ್ರೆ ಇಟ್ಟುಕೊಂಡು ಕೂತುಬಿಡಿ. ಈ ಹಿತುಕುವ ಗೀಳು ನಮ್ಮ ಹಳೇ ಮೈಸೂರಿನ ಕಡೆಯವರಿಗೇ ಜಾಸ್ತಿ. ಅವರಿಗೆ ಹೊಸದಾಗಿರಬಹುದು, 'ಇದೇನ್ರಿ' ಅಂತ ಕೇಳಬಹುದು, ತೋರಿಸಿಕೊಡಿ. ಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಸಕ್ಕನೆ ಹಾರುತ್ತದೆ. ಒಂದು ನಿಮ್ಮ ಕನ್ನಡಕಕ್ಕೆ, ಒಂದು ಅವರ ಕಾಫಿ ಲೋಟಕ್ಕೆ ಬಿದ್ದರೆ ಅರ್ಧ ಸಂಕೋಚ ಅಲ್ಲೇ ಹೋಯಿತು. ನಾಲ್ಕು ಹಿಡಿ ಕಾಯನ್ನು ಬಿಡಿಸದೆ ಹಾಗೇ ಇಟ್ಟಿರಿ. ಅದರಲ್ಲಿ ಹುಳ ಬಂದರೆ ಯಾರು ಕಿರುಚುತ್ತಾರೆ ಅನ್ನುವುದೂ ಮದುವೆಗೆ ಮುಂಚೆ ತಿಳಿದಿದ್ದರೆ ಒಳ್ಳೆಯದು.

ಊಟಕ್ಕೆ ಕರೆದು ಕೆಲಸ ಮಾಡಿಸುವುದಾ ಅಂತ ನಿಮಗೆ ಅನ್ನಿಸಬಹುದು. ಅವರಿಗೆ ಮನಸ್ಸಿಲ್ಲದಿದ್ದರೆ ಬೇಡ, ನೀವು ಹಿತುಕಿ, ಅವರು ಮಾತಾಡಲಿ. ಹೋಟೆಲಲ್ಲಿ ಎದುರೆದುರು ಕೂತರೆ ಇಂಟರ್‌ವ್ಯೂ ಥರ ಆಗುತ್ತದೆ. ಇಲ್ಲಿ ಕಣ್ಣು ಪಾತ್ರೆಯ ಮೇಲಿರುತ್ತದೆ, ಕೈಗೆ ಕೆಲಸವಿರುತ್ತದೆ, ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಅಜ್ಜಿ ಮನೆಯಲ್ಲಿ ಊರಿನ ಅಷ್ಟೂ ಗುಟ್ಟು ಹೊರಬೀಳುತ್ತಿದ್ದದ್ದು ಅವರೆಕಾಯಿ ರಾಶಿಯ ಸುತ್ತಲೇ.

ಬೇಳೆ ಕುಕ್ಕರ್‌ಗೆ ಹಾಕಬೇಡಿ, ಕರಗಿಹೋಗುತ್ತದೆ. ಪಾತ್ರೆಯಲ್ಲೇ ಬೇಗ ಬೇಯುತ್ತದೆ. ಜೊತೆಗೆ ಅನ್ನ, ಮಜ್ಜಿಗೆ, ಹಪ್ಪಳ ಸಾಕು. ಅಕ್ಕಿ ರೊಟ್ಟಿ ಆಸೆ ಬೇಡ, ಮತ್ತೆ ಕಾವಲಿ ಮುಂದೆ ನಿಲ್ಲುತ್ತೀರಿ. ಮುದ್ದೆಯೂ ಈ ಸಲ ಬೇಡ. ಅಗಿಯದೆ ನುಂಗಬೇಕು ಅಂತ ಕಲಿಸುವಷ್ಟರಲ್ಲಿ ಸಾರು ಆರುತ್ತದೆ. ಇನ್ನೊಂದು ಮಾತು. ಊಟದ ಮಧ್ಯೆ 'ಉಪ್ಪು ಸರಿ ಇದೆಯಾ, ಖಾರ ಜಾಸ್ತಿ ಆಯ್ತಾ' ಅಂತ ಪದೇ ಪದೇ ಕೇಳಬೇಡಿ. ಒಂದು ಸಲ ಕೇಳಿ, ಬಿಟ್ಟುಬಿಡಿ.

ಎಲ್ಲ ಚೆನ್ನಾಗಿ ನಡೆದರೆ ಜನವರಿಯಲ್ಲಿ ಬೆಂಗಳೂರಿನ ಅವರೆಬೇಳೆ ಮೇಳಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಅವರೆಬೇಳೆ ದೋಸೆಯಷ್ಟೇ ಅಲ್ಲ, ಜಾಮೂನು, ಜಿಲೇಬಿ ಕೂಡ ಸಿಗುತ್ತದೆ. ನೀವು ಒಲೆ ಮುಟ್ಟುವ ಹಾಗಿಲ್ಲ, ಅದೇ ದೊಡ್ಡ ಅನುಕೂಲ.

ಅಮ್ಮನಿಗೆ ಹೇಳಿ, 'ಹವ್ಯಾಸ: ಅಡುಗೆ' ಅಲ್ಲೇ ಇರಲಿ. ಕ್ಯಾಟರಿಂಗ್ ಬಗ್ಗೆ ಕೇಳಿದ ಮಾವ ಮೊದಲ ಫೋನ್‌ನಲ್ಲೇ ಜರಡಿಯಿಂದ ಕೆಳಗೆ ಬಿದ್ದರಲ್ಲ, ಲಾಭವೇ ಆಯಿತು.

ರೂಮ್‌ಮೇಟ್ ಮದುವೆಗೆ ಹೋಗಿ ಬನ್ನಿ. ಪಂಕ್ತಿಯಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡಿ, ಅಡುಗೆ ಮನೆ ಕಡೆ ತಲೆ ಹಾಕಬೇಡಿ. ಒಬ್ಬಟ್ಟು ಬಡಿಸಿದರೆ ಏನೂ ಟೀಕೆ ಮಾಡದೆ ತಿನ್ನಿ. ನಿಮ್ಮದೇ ಚೆನ್ನಾಗಿತ್ತು ಅಂತ ಮದುಮಗಳಿಗೆ ಗೊತ್ತಿರುತ್ತದೆ.